ಪಿನ್ನು ಕಚ್ಚಿದ ಬಾಯಿ

ನನ್ನ ಗಂಡ ಗೆಟ್ಸೆಲ್ ಸ್ಟೌ ರಿಪೇರಿ ಮಾಡುತ್ತಿದ್ದರು. ಪಂಪ್ ಸ್ಟೌ, ಬತ್ತಿ ಸ್ಟೌ, ಎರಡೂ. ಜೆರುಸಲೇಮಿನ ನಮ್ಮ ಕೇರಿಯಲ್ಲಿ ಅವರ ಕೈ ತಾಕದ ಸ್ಟೌ ಇರಲಿಲ್ಲ. ಪಸ್ಕ ಹಬ್ಬ ಕಳೆದ ಮೇಲೆ ತೀರಿಕೊಂಡರು. ಅವರ ಕೋಟು ಬಾಗಿಲ ಹಿಂದೆ ಹಾಗೇ ನೇತಾಡುತ್ತಿದೆ. ಸೀಮೆಎಣ್ಣೆ ವಾಸನೆ ಇನ್ನೂ ಇದೆ. ಒಗೆದಿಲ್ಲ, ಒಗೆಯುವುದೂ ಇಲ್ಲ.

ನಾನು ಓದಿದವಳಲ್ಲ. ಪ್ರಾರ್ಥನೆ ಪುಸ್ತಕ ಓದುತ್ತೇನೆ, ಬರೆಯಲು ಬರುತ್ತದೆ, ಅಷ್ಟೆ. ಆದರೆ ಕೇರಿಯವರು ಅವರ ಬಗ್ಗೆ ಬಾಯಿಗೆ ಬಂದ ಹಾಗೆ ಹೇಳುತ್ತಿದ್ದಾರೆ. ಕೆಲವರು ಆಗಲೇ ಸಂತ ಮಾಡಿಬಿಟ್ಟಿದ್ದಾರೆ. ಅವರು ಸಂತ ಅಲ್ಲ. ಗೊರಕೆ ಹೊಡೆಯುತ್ತಿದ್ದರು. ಶನಿವಾರದ ಸಬ್ಬತ್ತಿನ ಮೀನಿನ ತಲೆ ಒಂದು ದಿನವೂ ನನಗೆ ಬಿಡಲಿಲ್ಲ. ಒಂದು ತಪ್ಪನ್ನೂ ಮಾಡಿದರು. ಅದನ್ನು ಬಿಟ್ಟು ಅವರ ಬಗ್ಗೆ ಹೇಳಿದರೆ ಅದು ಅವರ ಕಥೆ ಆಗುವುದಿಲ್ಲ.

ಅವರು ಲಿಥುವೇನಿಯಾದ ಒಂದು ಸಣ್ಣ ಊರಿನವರು. ಹುಡುಗನಾಗಿದ್ದಾಗ ಅಲ್ಲಿನ ಪಾಠಶಾಲೆಗೆ ಹಾಕಿದ್ದರು. ಅಲ್ಲಿ ನಮ್ಮ ಧರ್ಮಗ್ರಂಥ ತೋರಾ ಓದಿದರೆ ಸಾಲದು, ಸಂಜೆ ಹೊತ್ತು ಕೂತು ತನ್ನ ಗುಣವನ್ನು ತಾನೇ ತಿದ್ದಿಕೊಳ್ಳಬೇಕು. ಒಬ್ಬೊಬ್ಬ ಹುಡುಗ ಒಂದೊಂದು ಗುಣ ಹಿಡಿಯಬೇಕು. ಒಬ್ಬ ಕೋಪ, ಒಬ್ಬ ಜಂಬ, ಒಬ್ಬ ಸೋಮಾರಿತನ. ಗೆಟ್ಸೆಲ್ ಹಿಡಿದದ್ದು ನಾಲಿಗೆ. ಇನ್ನೊಬ್ಬರ ಬಗ್ಗೆ ಕೆಟ್ಟದ್ದು ಆಡಬಾರದು, ನಿಜವಾಗಿದ್ದರೂ ಆಡಬಾರದು. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಮಾಡುವವರು ಕಡಿಮೆ. ಅಪ್ಪ ಸತ್ತು ಇವರ ಓದು ನಿಂತಿತು. ಹಡಗು ಹತ್ತಿ ಇಲ್ಲಿಗೆ ಬಂದು ಸ್ಟೌ ಕೆಲಸ ಕಲಿತರು. ಆಮೇಲೆ ಯುದ್ಧ ಬಂದು ಆ ಊರೇ ಉಳಿಯಲಿಲ್ಲ. ಪಾಠಶಾಲೆ ಉಳಿಯಲಿಲ್ಲ, ಜೊತೆಗೆ ಓದಿದ ಹುಡುಗರೂ ಉಳಿಯಲಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ. ಹಿಡಿದ ಗುಣವನ್ನು ಮಾತ್ರ ಇವರು ಬಿಡಲಿಲ್ಲ. ಬಿಟ್ಟರೆ ಅಲ್ಲಿಯದು ಏನೂ ಉಳಿಯುವುದಿಲ್ಲ ಅಂತ ಅನ್ನಿಸುತ್ತಿತ್ತೋ ಏನೋ.

ಸ್ಟೌ ಬರ್ನರಿನ ತೂತು ಕಟ್ಟಿದರೆ ಚುಚ್ಚಲು ಪಿನ್ನು ಬೇಕು. ತಗಡಿನ ಹಿಡಿ, ತುದಿಯಲ್ಲಿ ಕೂದಲಿನಂಥ ತಂತಿ. ಗೆಟ್ಸೆಲ್ ಒಬ್ಬರ ಅಡುಗೆಮನೆಯಲ್ಲಿ ಕೂತ ತಕ್ಷಣ ನಾಲ್ಕೈದು ಪಿನ್ನು ತೆಗೆದು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದರು. ಕೈಗೆ ಬೇಗ ಸಿಗಲಿ ಅಂತ ಅಲ್ಲ. ಹೆಂಗಸರು ಸುಮ್ಮನಿರುವುದಿಲ್ಲವಲ್ಲ, ಅದಕ್ಕೆ. ಕೇರಿಯಲ್ಲಿ ಎಲ್ಲ ಗಂಡಸರನ್ನೂ ರೆಬ್ ಅಂತಲೇ ಕೂಗುವುದು, ಇವರೂ ರೆಬ್ ಗೆಟ್ಸೆಲ್.

"ಕೇಳಿದ್ರಾ ರೆಬ್ ಗೆಟ್ಸೆಲ್, ಮೇಲಿನ ಮನೆಯೋಳು ಸೊಸೇನ ಮತ್ತೆ ತವರಿಗೆ ಅಟ್ಟಿದ್ಲಂತೆ."

"ಮ್."

"ನಿನ್ನೆ ನೀವು ಅಲ್ಲೇ ಇದ್ರಂತಲ್ಲ. ಏನಾದ್ರೂ ಕಿವಿಗೆ ಬಿತ್ತಾ?"

"ಮ್."

"ಇವರ ಬಾಯಿ ತೂತೇ ಕಟ್ಟಿಹೋಗಿದೆ. ಯಾರಾದ್ರೂ ಒಂದು ಪಿನ್ನು ಹಾಕ್ರೇ."

ಹೆಂಗಸರು ನಗುತ್ತಿದ್ದರು. ಇವರೂ ಪಿನ್ನಿನ ಸಂದಿಯಲ್ಲೇ ನಗುತ್ತಿದ್ದರು.

ಎಲ್ಲರ ಅಡುಗೆಮನೆಗೆ ಹೋಗಿ ಬರುವವರು ಅಂತ ಸಂಬಂಧ ವಿಚಾರಿಸುವವರು ಇವರ ಹತ್ತಿರ ಬರುತ್ತಿದ್ದರು. ಗಂಡಿನ ಕಡೆಯವರು ಬೇರೆ ಊರಿಂದ ಬರುವರು. ನೇರವಾಗಿ ಕೇಳಲು ನಾಚಿಕೆ. ಇಲ್ಲಿನ ನೆಂಟರ ಮನೆಯಿಂದ ನೆಟ್ಟಗೆ ಉರಿಯುವ ಸ್ಟೌ ಒಂದನ್ನು ಎತ್ತಿಕೊಂಡು ಬಂದು, "ಯಾಕೋ ಸದ್ದು ಮಾಡುತ್ತೆ, ನೋಡಿ" ಅನ್ನುವರು. ಇವರು ಸುಮ್ಮನೆ ಬಿಚ್ಚಿ ಜೋಡಿಸುವರು. ಅಷ್ಟರಲ್ಲಿ ಅವರು ಮೆಲ್ಲಗೆ ಶುರು ಮಾಡುವರು. ಆ ಮನೆ ಹೇಗೆ, ಆ ಹುಡುಗಿ ಹೇಗೆ. ಒಳ್ಳೆಯದು ಕಂಡಿದ್ದರೆ ಇವರು ಹೇಳುತ್ತಿದ್ದರು. ಇಲ್ಲದಿದ್ದರೆ ಪಿನ್ನು. ಇದು ಸರಿಯಾದ ದಾರಿ ಅಂತ ಅವರು ನಂಬಿದ್ದರು. ನಾನೂ ನಂಬಿದ್ದೆ. ವಿಚಾರಿಸಲು ಬರುವವರು ಈ ಪಿನ್ನಿನ ಅರ್ಥವನ್ನು ಎಂದೋ ಕಲಿತುಬಿಟ್ಟಿದ್ದರು ಅನ್ನುವುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ನಮ್ಮದು ವಠಾರದಂಥ ಮನೆ. ಮಧ್ಯೆ ಕಲ್ಲು ಹಾಸಿದ ಅಂಗಳ, ಅಂಗಳದಲ್ಲಿ ನಲ್ಲಿ ಕೂಡಿಸಿದ ನೀರಿನ ತೊಟ್ಟಿ, ಸುತ್ತ ಮನೆಗಳು. ಎದುರು ಮನೆಯಲ್ಲಿ ಫ್ರುಮಾ ಇದ್ದಳು. ಗಂಡ ಇಲ್ಲ. ಊರವರ ಬಟ್ಟೆ ಒಗೆದು ಒಬ್ಬಳೇ ಮಗಳನ್ನು ಸಾಕಿದವಳು. ಮಗಳ ಹೆಸರು ಶಿಫ್ರಾ. ಸಣಕಲು ಹುಡುಗಿ, ಚುರುಕು ಬಾಯಿ. ತಾಯಿ ಒಗೆದದ್ದನ್ನು ಹಗ್ಗಕ್ಕೆ ಹಾಕುವುದು ಅವಳ ಕೆಲಸ.

ಒಂದು ವರ್ಷ ಆವ್ ತಿಂಗಳ ಉಪವಾಸದ ದಿನ, ಹಿಂದಿನ ಕಾಲದಲ್ಲಿ ನಮ್ಮ ದೇವಾಲಯ ಬಿದ್ದದ್ದಕ್ಕೆ ನಾವೆಲ್ಲ ಅಳುವ ದಿನ, ಗೆಟ್ಸೆಲ್ ಮಧ್ಯಾಹ್ನದ ಮೇಲೆ ಫ್ರುಮಾಳ ಸ್ಟೌ ವಾಪಸ್ ಕೊಡಲು ಹೋದರು. ಸಂಜೆ ಉಪವಾಸ ಬಿಟ್ಟ ಮೇಲೆ ಟೀ ಕಾಯಿಸಲು ಬೇಕಲ್ಲ ಅಂತ. ಬಾಗಿಲು ಅರ್ಧ ತೆಗೆದಿತ್ತು. ಒಳಗೆ ಕಿಟಕಿ ಮುಚ್ಚಿಕೊಂಡು ಶಿಫ್ರಾ ಹಾಲಲ್ಲಿ ಅದ್ದಿದ ರೊಟ್ಟಿ ತಿನ್ನುತ್ತಿದ್ದಳು. ಮುದುಕರು ಮುದುಕಿಯರು ಕೂಡ ನೀರು ಮುಟ್ಟದ ದಿನ. ಇವರು ಹೊಸ್ತಿಲ ಮೇಲೆ ಸ್ಟೌ ಇಟ್ಟು ಬಂದುಬಿಟ್ಟರು. ಯಾರಿಗೂ ಹೇಳಲಿಲ್ಲ. ನನಗೂ ಹೇಳಲಿಲ್ಲ. ಇದು ನನಗೆ ತಿಳಿದದ್ದು ಆಮೇಲೆ.

ಬೇಸಿಗೆ ಮುಗಿಯುತ್ತಿದ್ದ ಹಾಗೆ ಸಫೇದ್ ಊರಿಂದ ಗಿಟ್ಟೆಲ್ ಅನ್ನುವ ಹೆಂಗಸು ಬಂದಳು. ಮಗ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದವನು, ಮೆತ್ತಗಿನವನು. ಶಿಫ್ರಾಳನ್ನು ಯಾರದೋ ಮನೆಯಲ್ಲಿ ನೋಡಿ ಒಪ್ಪಿದ್ದ. ಶಿಫ್ರಾಳೂ ಒಪ್ಪಿದ್ದಳು. ಇನ್ನು ವಿಚಾರಿಸುವುದೊಂದೇ ಬಾಕಿ. ಗಿಟ್ಟೆಲ್ ತಂಗಿಯ ಮನೆ ಸ್ಟೌ ಹಿಡಿದು ನಮ್ಮ ಜಗಲಿಗೆ ಬಂದಳು. ನಾನು ಒಳಗೆ ಬಟಾಣಿ ಬಿಡಿಸುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ರೆಬ್ ಗೆಟ್ಸೆಲ್, ನಿಮ್ಮ ಬೇಕರಿಯವರ ಮಗಳು ಹೇಗೆ?"

"ಒಳ್ಳೆ ಹುಡುಗಿ ಅಮ್ಮ. ಆ ಮನೇಲಿ ಯಾರೂ ದನಿ ಎತ್ತಿದ್ದು ನಾನು ಕೇಳಿಲ್ಲ."

"ಸಂತೋಷ. ಸುಮ್ನೆ ಕೇಳಿದೆ. ಈ ಎದುರು ಮನೆ ಫ್ರುಮಾ ಮಗಳು?"

ಪಂಪಿನ ಸದ್ದು ನಿಂತಿತು. ಆಮೇಲೆ ಏನೂ ಕೇಳಿಸಲಿಲ್ಲ. ಬಗ್ಗಿ ನೋಡಿದೆ. ಇವರು ಪಿನ್ನಿನ ಡಬ್ಬಿ ತೆಗೆದು ಒಂದೊಂದಾಗಿ ಬಾಯಿಗೆ ಇಟ್ಟುಕೊಳ್ಳುತ್ತಿದ್ದರು. ಗಿಟ್ಟೆಲ್ ಕಾದಳು. ಇವರು ತಲೆ ಎತ್ತಲಿಲ್ಲ.

"ಸ್ಟೌ ಸರಿಯಾಗಿದೆ" ಅಂದರು ಕಡೆಗೆ, ಹಲ್ಲಿನ ಸಂದಿಯಿಂದ.

"ಗೊತ್ತಾಯ್ತು" ಅಂದಳು ಗಿಟ್ಟೆಲ್. ಸ್ಟೌ ಎತ್ತಿಕೊಂಡು ಹೋದಳು. ಎದುರು ಬಾಗಿಲಿಗೆ ಹೋಗಲೇ ಇಲ್ಲ.

ಊಟದ ಹೊತ್ತಿಗೆ ಇವರು ಹಗುರವಾಗಿದ್ದರು. "ಬ್ರೈನಾ, ಇವತ್ತು ಬಾಯಿ ಕಾಯ್ದುಕೊಂಡೆ ಕಣೇ. ಕಷ್ಟ ಆಯ್ತು, ಆದ್ರೂ ಕಾಯ್ದುಕೊಂಡೆ" ಅಂದರು. ಎರಡನೇ ಸಲ ಬಡಿಸಿಕೊಂಡು ಉಂಡರು.

ಸಂಬಂಧ ಮುರಿಯಿತು ಅಂತ, ಜಗಲಿಯಲ್ಲಿ ನಡೆದದ್ದನ್ನೂ ಸೇರಿಸಿ, ಮದುವೆ ದಲ್ಲಾಳಿ ಬಂದು ಹೇಳಿದ ದಿನ ಫ್ರುಮಾ ಒದ್ದೆ ಕೈಯಲ್ಲೇ ಅಂಗಳಕ್ಕೆ ಬಂದಳು. ಇವರು ತೊಟ್ಟಿ ಹತ್ತಿರ ಕೊಡ ತುಂಬಿಸುತ್ತಿದ್ದರು.

"ನನ್ನ ಮಗಳ ಬಗ್ಗೆ ಏನು ಹೇಳ್ದೆ?"

"ಏನೂ ಹೇಳಲಿಲ್ಲ ಫ್ರುಮಾ. ದೇವರಾಣೆ, ಒಂದು ಮಾತೂ ಆಡಲಿಲ್ಲ."

"ಅದೇ ನಾನೂ ಹೇಳ್ತಿರೋದು. ಬೇಕರಿಯೋಳ ಮಗಳಿಗೆ ಬಾಯಿ, ನನ್ನ ಮಗಳಿಗೆ ಪಿನ್ನು. ಯಾರೋ ಕುಡುಕ ಬಂದು ಬೈದಿದ್ರೆ ಆ ಹೆಂಗಸು ನಂಬ್ತಿರಲಿಲ್ಲ. ನೀನು ಯಾರು? ಸುಳ್ಳಾಡದ ಗೆಟ್ಸೆಲ್, ಕೆಟ್ಟದ್ದಾಡದ ಗೆಟ್ಸೆಲ್. ನೀನು ಬಾಯಿ ಮುಚ್ಚಿದ್ರೆ ಮುಗೀತು. ಇನ್ನು ಏನು ಉಳೀತು ಅವಳಿಗೆ?"

ಸುತ್ತಲ ಬಾಗಿಲುಗಳಲ್ಲಿ ತಲೆಗಳು ಬಂದವು. ಇವರು ಕೊಡವನ್ನು ನಲ್ಲಿಯ ಕೆಳಗೇ ಬಿಟ್ಟು ನಿಂತರು. ಕೊಡ ತುಂಬಿ ನೀರು ಕಲ್ಲಿನ ಮೇಲೆ ಹರಿಯಿತು.

ಅವತ್ತೇ ಇವರು ನಮ್ಮ ಕೇರಿಯ ಧರ್ಮಗುರು ರಬ್ಬಿ ನಾಟಾ ಅವರ ಮನೆಗೆ ಹೋದರು. ನಾನೂ ಹೋದೆ. ಹೊರಗಿನ ಬೆಂಚಿನ ಮೇಲೆ ಕೂತೆ, ಬಾಗಿಲು ತೆಗೆದೇ ಇತ್ತು. ರಬ್ಬಿ ಮುದುಕರು, ಕೆಮ್ಮು ಜಾಸ್ತಿ, ಮಾತು ಕಡಿಮೆ.

"ಏನಂದೆ ಆ ಹೆಂಗಸಿಗೆ?"

"ಏನೂ ಅನ್ನಲಿಲ್ಲ."

"ಆ ಮನೇಲಿ ಏನು ನೋಡಿದ್ದೆ?"

"ಹೇಳೋ ಹಾಗಿಲ್ಲ ರಬ್ಬಿ."

"ಸರಿ, ನೋಡಿದ್ದು ಬೇಡ. ನೋಡಿ ಏನಂದುಕೊಂಡೆ?"

ರಬ್ಬಿ ಕೆಮ್ಮಿದರು, ನೀರು ಕುಡಿದರು, ಕಾದರು.

"ಕೆಟ್ಟದ್ದು ಅಂದುಕೊಂಡೆ" ಅಂದರು ಇವರು.

"ಹಾಗೆ ಅಂದುಕೊಳ್ಳೋಕೆ ನಿನಗೆ ಯಾರು ಹೇಳಿದ್ರು? ನಾಲಿಗೆಗೆ ಇಷ್ಟು ವರ್ಷ ಬೇಲಿ ಕಟ್ಟಿದೆ ಗೆಟ್ಸೆಲ್. ಮನಸ್ಸಿನ ಕಡೆ ಹಾಗೇ ಬಯಲು ಬಿಟ್ಟುಬಿಟ್ಟೆ. ಆ ಹೆಂಗಸು ನಿನ್ನ ಬಾಯಿಂದ ಏನೂ ಕೇಳಲಿಲ್ಲ, ನಿಜ. ಮುಖದಲ್ಲಿ ಕಂಡಳು." ಆಮೇಲೆ ಅಂದರು, "ಒಂದು ವಿಷಯ ನನಗೆ ಗೊತ್ತು. ಹೇಳಲ್ಲ. ಅದು ಆ ಹುಡುಗೀದು. ಹೋಗಿ ಅವಳನ್ನೇ ಕೇಳು. ಅದಕ್ಕೆ ಮುಂಚೆ ಸರಿ ಮಾಡೋಕಾಗುತ್ತಾ ನೋಡು."

ಮಾರನೆಯ ದಿನ ಬಸ್ಸು ಹಿಡಿದು ಸಫೇದಿಗೆ ಹೋದರು. ಗಿಟ್ಟೆಲ್ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಳಂತೆ. ಹುಡುಗನಿಗೆ ಅಲ್ಲೇ ಒಂದು ಕಡೆ ಗೊತ್ತು ಮಾಡಿ ತಟ್ಟೆ ಒಡೆದಾಗಿತ್ತು. ನಮ್ಮಲ್ಲಿ ನಿಶ್ಚಯಕ್ಕೆ ತಟ್ಟೆ ಒಡೆದರೆ ಮತ್ತೆ ಹಿಂದೆ ಹೋಗುವ ಹಾಗಿಲ್ಲ. "ನೀವು ಏನೂ ಅನ್ನಲಿಲ್ಲವಲ್ಲ ರೆಬ್ ಗೆಟ್ಸೆಲ್, ಈಗ ಯಾವ ಮಾತು ವಾಪಸ್ ತಗೊಳ್ತೀರಿ?" ಅಂದಳಂತೆ. ಈ ಮಾತನ್ನು ಇವರು ಮನೆಗೆ ಬಂದು ನನಗೆ ಹೇಳಿದರು. ಆಮೇಲೆ ಎಷ್ಟೋ ವರ್ಷ, ಟೀ ಕುಡಿಯುತ್ತಾ ಕುಡಿಯುತ್ತಾ, ನನಗಲ್ಲದೆ ತಮಗೇ ಹೇಳಿಕೊಳ್ಳುತ್ತಿದ್ದರು.

ಪ್ರಾಯಶ್ಚಿತ್ತದ ದಿನ ಹತ್ತಿರ ಬರುತ್ತಿತ್ತು. ಆ ಉಪವಾಸಕ್ಕೆ ಮುಂಚೆ ಯಾರಿಗೆ ನೋವು ಮಾಡಿದ್ದೇವೋ ಅವರನ್ನು ಕೇಳಿಕೊಳ್ಳಬೇಕು. ಮನುಷ್ಯನಿಗೆ ಮಾಡಿದ್ದನ್ನು ದೇವರು ಕ್ಷಮಿಸುವುದಿಲ್ಲ, ಆ ಮನುಷ್ಯನೇ ಕ್ಷಮಿಸಬೇಕು. ಶಿಫ್ರಾ ಅಂಗಳದಲ್ಲಿ ಹಾಸಿಗೆ ಬಟ್ಟೆ ಒಣಹಾಕುತ್ತಿದ್ದಳು. ಇವರು ಹೋಗಿ ಮುಂದೆ ನಿಂತು, ಆವ್ ತಿಂಗಳ ಉಪವಾಸದ ದಿನ ತಾವು ನೋಡಿದ್ದು, ಅಂದುಕೊಂಡದ್ದು, ಎಲ್ಲ ಹೇಳಿದರು. ನಾನು ಹತ್ತಿರ ಇದ್ದೆ. ಆಗಲೇ ನನಗೆ ಗೊತ್ತಾದದ್ದು.

ಶಿಫ್ರಾ ನಿಧಾನವಾಗಿ ಹೇಳಿದಳು.

"ಟೈಫಾಯಿಡ್ ಬಂದು ಎದ್ದಿದ್ದೆ. ನೆಂಟಸ್ತನಕ್ಕೆ ತೊಂದರೆ ಅಂತ ಅಮ್ಮ ಯಾರಿಗೂ ಹೇಳಿರಲಿಲ್ಲ. ಉಪವಾಸ ಮಾಡಿದ್ರೆ ಮತ್ತೆ ಮಲಗ್ತೀಯ, ಇವತ್ತು ತಿನ್ನೋದೇ ನಿನ್ನ ಧರ್ಮ ಅಂತ ರಬ್ಬಿ ನಾಟಾ ಅವರೇ ಬಂದು ಹೇಳಿದ್ರು. ಆ ರೊಟ್ಟಿ ಗಂಟಲಲ್ಲಿ ಇಳೀತಿರಲಿಲ್ಲ ರೆಬ್ ಗೆಟ್ಸೆಲ್. ಅಳ್ತಾ ನುಂಗ್ತಿದ್ದೆ. ನೀವು ಸ್ಟೌ ಇಟ್ಟು ಓಡಿದ್ರಿ. 'ಯಾಕಮ್ಮ' ಅಂತ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ."

"ಕ್ಷಮಿಸಮ್ಮ" ಅಂದರು ಇವರು.

ಶಿಫ್ರಾ ಬುಟ್ಟಿಯಿಂದ ಬಟ್ಟೆ ಕ್ಲಿಪ್ಪು ತೆಗೆದಳು. ಒಂದು, ಎರಡು, ಮೂರು, ಹಲ್ಲಲ್ಲಿ ಕಚ್ಚಿಕೊಂಡಳು. ಇವರ ಮುಖ ನೋಡುತ್ತಾ ಕಚ್ಚಿಕೊಂಡಳು. ಆಮೇಲೆ ತಿರುಗಿ ಬಟ್ಟೆ ಹಾಕತೊಡಗಿದಳು.

ನಮ್ಮ ಕ್ರಮದಲ್ಲಿ ಮೂರು ಸಲ ಕೇಳಬೇಕು, ಮೂವರು ಗಂಡಸರನ್ನು ಜೊತೆಗೆ ಕರೆದುಕೊಂಡು ಹೋಗಿ. ಅಷ್ಟಾದರೂ ಕ್ಷಮಿಸದಿದ್ದರೆ ಕೇಳಿದವನು ಬಿಡುಗಡೆ, ತಪ್ಪು ಎದುರಿನವರ ತಲೆ ಮೇಲೆ. ಹಾಗೇ ಮಾಡಿದರು. ಮೂರು ಸಲವೂ ಶಿಫ್ರಾ ಆಗಲ್ಲ ಅನ್ನಲಿಲ್ಲ, ಆಗಲಿ ಅನ್ನಲೂ ಇಲ್ಲ. ಜೊತೆಗೆ ಹೋಗಿದ್ದ ಬೇಕರಿಯವರು, "ನಡೀರಿ ರೆಬ್ ಗೆಟ್ಸೆಲ್, ನಿಮ್ಮದು ಮುಗೀತು, ಹಬ್ಬದ ರೊಟ್ಟಿ ಬೇಯಿಸಬೇಕು ನಾನು" ಅಂದರು.

"ಮುಗಿದಿಲ್ಲ. ಬಿಡುಗಡೆ ಕಟ್ಟಿಕೊಂಡು ಏನ್ ಮಾಡ್ಲಿ? ನನಗೆ ಅವಳ ಮಾತು ಬೇಕು" ಅಂದರು ಇವರು.

ಆ ಒಂದು ಮಾತಿಗೆ ಅವರು ಸಾಯುವ ತನಕ ಕಾದರು.

ಪಿನ್ನು ಬಾಯಿಗಿಡುವುದನ್ನು ನಿಲ್ಲಿಸಿದರು. ಡಬ್ಬಿಯಿಂದಲೇ ತೆಗೆದು ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ತೊಟ್ಟಿ ಹಿಂದೆ ಕೂತು, ಪಾಠಶಾಲೆಯಲ್ಲಿ ಕಲಿತ ಹಾಗೆ ಒಂದೇ ಮಾತನ್ನು ರಾಗವಾಗಿ ಹೇಳಿಕೊಳ್ಳುವ ಅಭ್ಯಾಸ ಅವರಿಗಿತ್ತು. ಮೊದಲು "ಯಾರ ಬಗ್ಗೆ ಏನಾಡಿದೆ" ಅಂತಿತ್ತು. ಈಗ "ಯಾರ ಬಗ್ಗೆ ಏನಂದುಕೊಂಡೆ" ಅಂತಾಯಿತು. ಇದು ಬಹಳ ಹೊತ್ತು ಹಿಡಿಯುತ್ತಿತ್ತು. ನನ್ನ ಟೀ ಆರಿಹೋಗುತ್ತಿತ್ತು.

ಯಾರ ಬಗ್ಗೆಯೂ ಸುಮ್ಮನಿರಬಾರದು ಅಂತ ಇನ್ನೊಂದು ಹಟ ಹಿಡಿದರು. ಪ್ರತಿ ಮನೆಯಲ್ಲೂ ಒಂದು ಒಳ್ಳೆಯದನ್ನು ಹುಡುಕಬೇಕು, ಸುಳ್ಳಾಗಬಾರದು, ಕೇಳಿದವರಿಗೆಲ್ಲ ಹೇಳಬೇಕು. ಎಲ್ಲರ ಬಗ್ಗೆ ಹೇಳಿದರೆ ಯಾರ ಬಗ್ಗೆ ಸುಮ್ಮನಿದ್ದಾರೆ ಅಂತ ಯಾರೂ ಲೆಕ್ಕ ಹಾಕುವ ಹಾಗಿಲ್ಲವಲ್ಲ. ಸುಮ್ಮನಿರುವುದಕ್ಕಿಂತ ಇದು ಅವರಿಗೆ ಬಲು ಕಷ್ಟ. ಮಾತು ಬಾರದ ಮನುಷ್ಯ. ಮೊದಮೊದಲು ಕೇರಿ ನಕ್ಕಿತು. ಸೀಮೆಎಣ್ಣೆ ಗಾಡಿಯ ಶ್ಮೆರೆಲ್ ಎಣ್ಣೆಯಲ್ಲಿ ಮೋಸ ಮಾಡುತ್ತಾನೆ ಅಂತ ಎಲ್ಲರಿಗೂ ಗೊತ್ತು. ಗಾಡಿ ಸುತ್ತ ಹೆಂಗಸರು ಡಬ್ಬ ಹಿಡಿದು ನಿಂತಿದ್ದಾಗ ಇವರು ಹೋಗಿ ಅಂದರು, "ಶ್ಮೆರೆಲ್ ಗಾಡಿ ನಿಲ್ಲಿಸಿದ ತಕ್ಷಣ ಮೊದಲು ಕುದುರೆಗೆ ನೀರು ಕೊಡ್ತಾನೆ, ನೋಡಿದ್ದೀರಾ?"

"ನೋಡಿದ್ದೀವಿ ಕಣ್ರೀ. ಕುದುರೆಗೂ ನೀರು ಕೊಡ್ತಾನೆ, ಎಣ್ಣೆಗೂ ನೀರು ಕೊಡ್ತಾನೆ" ಅಂದಳು ಒಬ್ಬಳು. ಗಾಡಿ ಸುತ್ತ ನಗೆಯೋ ನಗೆ. ಶ್ಮೆರೆಲ್ ಮುಖ ಸಣ್ಣದಾಯಿತು.

ಇವರು ಮನೆಗೆ ಬಂದು ತಲೆ ಹಿಡಿದು ಕೂತರು. "ಹೊಗಳಿ ಅವನಿಗೆ ಬೈಸಿಬಿಟ್ಟೆ ಬ್ರೈನಾ. ಯಾರ ಮುಂದೆ ಯಾರನ್ನ ಹೊಗಳಬೇಕು ಅಂತಾನೂ ಕಲೀಬೇಕು." ಕಲಿತರು. ವರ್ಷಗಳು ಹಿಡಿದವು.

ಶಿಫ್ರಾಳಿಗೆ ಬಹಳ ತಡವಾಗಿ ಮದುವೆ ಆಯಿತು. ಮಾರ್ಕೆಟ್ಟಿನ ಆಚೆ ಕಿಟಕಿಗೆ ಗಾಜು ಹಾಕುವ ಹೆನಾಕ್, ಹೆಂಡತಿ ಸತ್ತವನು, ಮೂರು ಮಕ್ಕಳು. ಒಳ್ಳೆಯವನೇ. ಆದರೆ ಸಫೇದಿನ ಹುಡುಗನನ್ನು ಮನಸ್ಸಿಗೆ ಹಚ್ಚಿಕೊಂಡಿದ್ದವಳು ಅದು. ಫ್ರುಮಾ ಆ ಕೊರಗಲ್ಲೇ ಹೋದಳು ಅಂತ ಜನ ಅಂದರು. ಎದೆನೋವಿನಿಂದ ಹೋದಳು ಅಂತ ಡಾಕ್ಟರು ಅಂದರು.

ಪ್ರತಿ ವರ್ಷ ಪ್ರಾಯಶ್ಚಿತ್ತದ ದಿನದ ಹಿಂದಿನ ಬೆಳಿಗ್ಗೆ ನಾನು ಜೇನಿನ ಕೇಕು ಮಾಡುತ್ತಿದ್ದೆ. ಇವರು ಅದನ್ನು ತಟ್ಟೆಯಲ್ಲಿಟ್ಟು ಬಟ್ಟೆ ಮುಚ್ಚಿಕೊಂಡು ಹೆನಾಕನ ಮನೆಗೆ ಹೋಗುತ್ತಿದ್ದರು. ಹೊಸ್ತಿಲಲ್ಲಿ ನಿಂತು, "ಶಿಫ್ರಾ, ನಿನ್ನಲ್ಲಿ ತಪ್ಪಿರಲಿಲ್ಲ, ನಾನು ತಪ್ಪಾಗಿ ಅಂದುಕೊಂಡೆ, ನಿನಗೆ ಕೇಡಾಯ್ತು, ಕ್ಷಮಿಸು" ಅನ್ನುತ್ತಿದ್ದರು. ಅವಳು ತಟ್ಟೆ ತಗೊಳ್ಳುತ್ತಿದ್ದಳು. ಹಬ್ಬ ಕಳೆದ ಮೇಲೆ ತಟ್ಟೆ ತೊಳೆದು, ಅದರಲ್ಲಿ ಎರಡು ದಾಳಿಂಬೆಯೋ ಒಂದು ಹಿಡಿ ಬಾದಾಮಿಯೋ ಇಟ್ಟು ಮಕ್ಕಳ ಕೈಲಿ ಕಳಿಸುತ್ತಿದ್ದಳು. ತಟ್ಟೆ ಬರುತ್ತಿತ್ತು. ಮಾತು ಬರುತ್ತಿರಲಿಲ್ಲ.

"ಈ ಕೇಕಿಗೆ ನನ್ನ ಕೈ ಬಿದ್ದುಹೋಯ್ತು. ಸಾಕು ಬಿಡಿ ಇನ್ನು" ಅಂತ ಒಂದು ವರ್ಷ ಅಂದೆ.

"ನೀನು ಜೇನು ಕಮ್ಮಿ ಹಾಕ್ತೀಯ, ಅದಕ್ಕೇ ಇರಬೇಕು" ಅಂದರು. ಅಂಥಾ ಹೊತ್ತಲ್ಲೂ ತಮಾಷೆ.

ಗ್ಯಾಸ್ ಬಂತು. ಸ್ಟೌಗಳು ಅಟ್ಟ ಸೇರಿದವು. ಇವರ ಎದೆಯೂ ಸೋತಿತು. ಕಿಟಕಿ ಪಕ್ಕದ ಕುರ್ಚಿಯಲ್ಲೇ ದಿನ ಕಳೆಯುತ್ತಿದ್ದರು. ಕಳೆದ ಚಳಿಗಾಲ ಗಂಡ ಹೆಂಡತಿ ಇಬ್ಬರು ಬಂದರು. ಸ್ಟೌ ಹಿಡಿದು ಬರುವ ಕಾಲ ಹೋಯಿತಲ್ಲ, ಕಿತ್ತಳೆ ಹಣ್ಣು ಹಿಡಿದು ಬಂದಿದ್ದರು. ಹೆನಾಕನ ದೊಡ್ಡ ಮಗಳು ಪೆಸ್ಯಾಳನ್ನು ವಿಚಾರಿಸಬೇಕಿತ್ತು ಅವರಿಗೆ.

"ಮಲತಾಯಿ ಕೈಲಿ ಬೆಳೆದ ಹುಡುಗಿ ಅಂತ ಯೋಚನೆ" ಅಂದಳು ಹೆಂಗಸು. "ಆ ಮಲತಾಯೀದೂ ಹಿಂದೆ ಏನೋ ಸಂಬಂಧ ಮುರಿದಿತ್ತಂತೆ."

ಇವರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಅದು ಮುರಿದದ್ದು ನನ್ನಿಂದ. ನನ್ನ ತಪ್ಪು, ಅವಳದ್ದಲ್ಲ. ಬರೆದಿಟ್ಟುಕೊಳ್ಳಿ ಬೇಕಾದ್ರೆ" ಅಂದರು. "ಇನ್ನು ಮನೆ ವಿಷಯ ಕೇಳಿ. ಒಂದು ಸಲ ಅಲ್ಲಿ ಸ್ಟೌ ರಿಪೇರಿಗೆ ಹೋಗಿದ್ದೆ. ಗೂಡಲ್ಲಿ ಹಗಲು ಹೊತ್ತು ದೀಪ ಉರೀತಿತ್ತು. ಯಾರ ದೀಪ ಮಗು ಅಂತ ಪೆಸ್ಯಾನ ಕೇಳಿದೆ. ಇವತ್ತು ನಮ್ಮಮ್ಮನ ತಿಥಿ ಅಂದಳು. ಹಚ್ಚಿದ್ದು ಯಾರು ಅಂದೆ. ಶಿಫ್ರಾನ ತೋರಿಸಿದಳು. ಪ್ರತಿ ವರ್ಷ ಹಚ್ಚಿ ಮೂರು ಮಕ್ಕಳನ್ನೂ ನಿಲ್ಲಿಸಿಕೊಂಡು, ನಿಮ್ಮಮ್ಮ ಹೀಗಿದ್ದಳಂತೆ ಹಾಗಿದ್ದಳಂತೆ ಅಂತ ಹೇಳ್ತಾಳಂತೆ. ಗಂಡನ ಸತ್ತ ಹೆಂಡತಿ ದೀಪಾನ ಆರದ ಹಾಗೆ ನೋಡಿಕೊಳ್ಳೋಳ ಕೈಲಿ ಬೆಳೆದ ಹುಡುಗಿ ಅದು. ಇನ್ನೇನು ವಿಚಾರಿಸ್ತೀರಿ?"

ಅವರು ಹೋದ ಮೇಲೆ ಇವರು ಬಹಳ ಹೊತ್ತು ಏದುಸಿರು ಬಿಟ್ಟರು. "ಮದುವೆ ದಿನ ನನ್ನ ಹತ್ತಿರ ಇದರಲ್ಲಿ ಕಾಲು ಭಾಗ ಮಾತಾಡಲಿಲ್ಲ ನೀವು" ಅಂದೆ. ನಕ್ಕರು. ಆ ಸಂಬಂಧ ಕೂಡಿತು.

ಪಸ್ಕ ಹಬ್ಬದಲ್ಲಿ ಹಾಸಿಗೆ ಹಿಡಿದರು. "ಈ ವರ್ಷ ಕೇಕು ನೀನು ತಗೊಂಡು ಹೋಗು" ಅಂದರು. "ನೀವೇ ಹೋಗ್ತೀರಿ" ಅಂದೆ. "ಅವಳೇನಾದ್ರೂ ಹೇಳಿ ಕಳಿಸಿದ್ಲಾ?" ಅಂದರು. ಇಲ್ಲ ಅಂದೆ. ಸುಳ್ಳು ಹೇಳಬಹುದಿತ್ತು. ಅವರಿಗೆ ಗೊತ್ತಾಗುತ್ತಿತ್ತು.

ಹಾಗೇ ಹೋದರು.

ನಮಗೆ ಮಕ್ಕಳಿಲ್ಲ. ಸಾವಿನ ವಾರ ನೆಲದ ಹತ್ತಿರದ ಮಣೆ ಮೇಲೆ ಕೂತವಳು ನಾನೊಬ್ಬಳೇ. ಕನ್ನಡಿಗೆ ಬಟ್ಟೆ ಹಾಕಿತ್ತು. ಜನ ಬಂದು ಸುತ್ತ ಕೂರುತ್ತಿದ್ದರು. ಸಾವಿನ ಮನೆಗೆ ಬಂದವರು ತಾವಾಗಿ ಬಾಯಿ ತೆಗೆಯುವ ಹಾಗಿಲ್ಲ. ದುಃಖದಲ್ಲಿರುವವರು ಮೊದಲು ಮಾತಾಡಬೇಕು. ನಾನು ಆಡದಿದ್ದರೆ ಇಡೀ ಮನೆ ಸುಮ್ಮನೆ. ಆಡಲು ನನಗೆ ಏನೂ ಇರಲಿಲ್ಲ. ಜನ ಕೂತು, ನೆಲ ನೋಡಿ, ಏಳುವಾಗ ಸಮಾಧಾನದ ಮಾತು ಹೇಳಿ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಶಿಫ್ರಾ ಬಂದಳು. ಕೂದಲು ಬೆಳ್ಳಗಾಗಿ ತಲೆವಸ್ತ್ರದ ಅಂಚಲ್ಲಿ ಇಣುಕುತ್ತಿತ್ತು. ನನ್ನ ಎದುರೇ ಕೂತಳು. ಮನಸ್ಸಿನಲ್ಲೇ ಅವಳಿಗೆ ಅಂದೆ: ಆ ಮನುಷ್ಯ ಒಂದು ಮಾತಿಗೆ ನಿನ್ನ ಹೊಸ್ತಿಲು ಸವೆಸಿದ. ನೀನು ತಟ್ಟೆ ತೊಳೆದು ಕಳಿಸಿದೆ. ಈಗ ಬಂದಿದ್ದೀಯ. ನಾನು ಬಾಯಿ ತೆಗೆಯದಿದ್ದರೆ ನೀನು ತೆಗೆಯುವ ಹಾಗಿಲ್ಲ. ಕೂತಿರು ಹಾಗೇ. ಅವರು ನಿಂತ ಹಾಗೆ ನೀನು ಕೂತಿರು.

ಉಳಿದವರು ಎದ್ದು ಹೋದರು. ಅವಳು ಏಳಲಿಲ್ಲ. ಬಿಸಿಲು ಗೋಡೆಯಿಂದ ಇಳಿದು ಬಾಗಿಲ ಹಿಂದಿನ ಕೋಟಿನ ಮೇಲೆ ಬಂತು. ಅವಳು ಆ ಕೋಟನ್ನೇ ನೋಡುತ್ತಿದ್ದಳು. ಬಾಯಿ ಅಲುಗುತ್ತಿತ್ತು, ಮುಚ್ಚುತ್ತಿತ್ತು. ಇವಳ ಬಗ್ಗೆ ನಾನು ಏನೇನೋ ಅಂದುಕೊಳ್ಳುತ್ತಾ ಕೂತಿದ್ದೇನೆ ಅಂತ ಆಗ ಹೊಳೆಯಿತು. ಕೇಳಿರಲಿಲ್ಲ. ಯಾಕಮ್ಮ ಅಂತ ಇಷ್ಟು ವರ್ಷದಲ್ಲಿ ನಾನೂ ಕೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಕಡೆಗೆ ಅವಳು ತಲೆವಸ್ತ್ರ ಸರಿ ಮಾಡಿಕೊಂಡು ಎದ್ದಳು. ಹೊರಟರೆ ಮುಗಿಯಿತು. ಆ ಮಾತು ಹೇಳದ ಮಾತಾಗೇ ಉಳಿಯುತ್ತದೆ.

"ಕೂತ್ಕೊ" ಅಂದೆ. "ಯಾಕೆ ಹೇಳಲಿಲ್ಲ ಶಿಫ್ರಾ?"

ಅವಳು ಕೂತಳು.

"ಮದುವೆ ಆದ ವರ್ಷಾನೇ ಕ್ಷಮಿಸಿಬಿಟ್ಟಿದ್ದೆ ಬ್ರೈನಾ ಚಿಕ್ಕಮ್ಮ. ಬಾಯಲ್ಲಿ ಹೇಳಲಿಲ್ಲ ಅಷ್ಟೆ."

"ಅಷ್ಟೆ? ಅಷ್ಟಕ್ಕೇ ಕಾದು ಕಾದು ಅವರು ಸತ್ತುಹೋದ್ರಲ್ಲೇ."

"ಗೊತ್ತು." ಕೈ ಹಿಸುಕಿಕೊಂಡಳು. "ಗಂಡನ ಮನೆ ಬೀದೀಲಿ ನಾನು ಯಾರು? ಏನೋ ಇದ್ದಿರಬೇಕು, ಅದಕ್ಕೇ ಸಂಬಂಧ ಮುರೀತು ಅನ್ನಿಸಿಕೊಂಡೋಳು. ಮನೇಲಿ ಅತ್ತೆ ಬೇರೆ ಆಡಿಕೊಳ್ತಿದ್ಲು. ವರ್ಷಕ್ಕೆ ಒಂದು ದಿನ ಊರಿಗೇ ಗೊತ್ತಿರೋ ರೆಬ್ ಗೆಟ್ಸೆಲ್ ಬಂದು, ಅತ್ತೆ ಮುಂದೆ, ಬೀದಿ ಮುಂದೆ, ಶಿಫ್ರಾ ನಿನ್ನಲ್ಲಿ ತಪ್ಪಿಲ್ಲ ಅಂತಿದ್ರು. ಆಗಲಿ ಅಂದುಬಿಟ್ರೆ ಮಾರನೇ ವರ್ಷ ಬರಲ್ಲ ಅನ್ನೋ ಭಯ ನನಗೆ. ಈ ವರ್ಷ ಹೇಳೋಣ, ಮುಂದಿನ ವರ್ಷ ಹೇಳೋಣ ಅಂತ ಹಾಗೇ ಆಯ್ತು. ಪೆಸ್ಯಾ ವಿಷಯ ಅವರು ಏನು ಹೇಳಿದ್ರು ಅಂತ ಬೀಗರು ತಿಳಿಸಿದ್ರು. ಈ ಸಲ ಹೇಳೇ ಹೇಳ್ತೀನಿ ಅಂತ ಕಾಯ್ತಿದ್ದೆ. ಹಬ್ಬ ಬರೋಕೆ ಮುಂಚೆ ಅವರೇ ಹೋದ್ರು."

ಕೋಪ ಹೋಗಲಿಲ್ಲ. ಆದರೆ ಅದನ್ನು ಇಡಲು ಜಾಗ ಸಿಗಲಿಲ್ಲ.

"ಮುಂದಿನ ವರ್ಷಾನೂ ಬರ್ತಿದ್ರು ಕಣೇ" ಅಂದೆ. "ನೀನು ಆಗಲಿ ಅಂದಿದ್ರೂ ಬರ್ತಿದ್ರು. ಅವರ ಬುದ್ಧಿ ನನಗೆ ಗೊತ್ತಿಲ್ವಾ?"

ಆಗ ಅವಳು ಅತ್ತಳು. ನಾನೂ ಅತ್ತೆ. ಅವರು ಹೋದ ಮೇಲೆ ನಾನು ಅತ್ತದ್ದು ಅದೇ ಮೊದಲು.

ಸತ್ತವರಿಗೆ ತಪ್ಪು ಮಾಡಿದ್ದರೆ ಹತ್ತು ಜನರನ್ನು ಕರೆದುಕೊಂಡು ಸಮಾಧಿಗೆ ಹೋಗಿ ಅವರ ಮುಂದೆ ಹೇಳಬೇಕು. ವಾರ ಮುಗಿದ ಬೆಳಿಗ್ಗೆ ಹೆನಾಕ್ ಜನ ಕೂಡಿಸಿದ. ಬೇಕರಿಯವರು ಬಂದರು. ಶ್ಮೆರೆಲ್ ಬಂದ, ಕುದುರೆ ಇಲ್ಲ ಈಗ, ಕೋಲು ಊರಿಕೊಂಡು ಬೆಟ್ಟ ಹತ್ತಿದ. ಹಸಿ ಮಣ್ಣು, ಇನ್ನೂ ಕಲ್ಲು ಕೂರಿಸಿರಲಿಲ್ಲ. ಶಿಫ್ರಾ ಮುಂದೆ ಬಂದು ಚಪ್ಪಲಿ ಬಿಟ್ಟು ನಿಂತಳು.

"ರೆಬ್ ಗೆಟ್ಸೆಲ್, ಫ್ರುಮಾ ಮಗಳು ಶಿಫ್ರಾ ಬಂದಿದ್ದೀನಿ. ನಿಮ್ಮನ್ನ ಕ್ಷಮಿಸಿದ್ದೀನಿ. ಎಂದೋ ಕ್ಷಮಿಸಿದ್ದೆ. ಮನಸ್ಸಲ್ಲಿ ಇಟ್ಟುಕೊಂಡು ಬಾಯಲ್ಲಿ ಹೇಳದೆ ನಿಮ್ಮನ್ನ ಕಾಯಿಸಿದೆ. ಆ ತಪ್ಪು ನಂದು. ದೇವರ ಮುಂದೆ, ಈ ಜನರ ಮುಂದೆ ಕೇಳ್ಕೊಳ್ತೀನಿ, ನೀವು ನನ್ನ ಕ್ಷಮಿಸಿ."

ಹತ್ತೂ ಜನ ಸತ್ತವರ ಪರವಾಗಿ ಕ್ರಮದಂತೆ ಮೂರು ಸಲ, "ಕ್ಷಮಿಸಿದೆ, ಕ್ಷಮಿಸಿದೆ, ಕ್ಷಮಿಸಿದೆ" ಅಂದರು. ಶ್ಮೆರೆಲ್ ದನಿ ಎಲ್ಲರಿಗಿಂತ ಜೋರಾಗಿತ್ತು.

ಸತ್ತವರಿಗೆ ಕೇಳಿಸುತ್ತದೆ ಅಂತ ರಬ್ಬಿಗಳು ಹೇಳುತ್ತಾರೆ. ನನಗೆ ಗೊತ್ತಿಲ್ಲ. ಬದುಕಿದ್ದಾಗ ಕೇಳಿದ್ದರೆ ಒಂದು ಹೊತ್ತಾದರೂ ನೆಮ್ಮದಿಯಾಗಿ ಉಣ್ಣುತ್ತಿದ್ದರು. ಅದಂತೂ ಆಗಲಿಲ್ಲ. ನಮ್ಮ ರೂಢಿಯಂತೆ ಮಣ್ಣಿನ ಮೇಲೆ ಒಂದೊಂದು ಕಲ್ಲು ಇಟ್ಟು ಇಳಿದು ಬಂದೆವು. ಇಳಿಯುವಾಗ ಶಿಫ್ರಾ ನನ್ನ ತೋಳು ಹಿಡಿದಿದ್ದಳು. ಬಿಡಿಸಿಕೊಳ್ಳಲಿಲ್ಲ.

ಈ ವರ್ಷ ಪ್ರಾಯಶ್ಚಿತ್ತದ ದಿನದ ಹಿಂದಿನ ಬೆಳಿಗ್ಗೆ ನಾನು ಕೇಕು ಮಾಡಲಿಲ್ಲ. ಯಾರಿಗೆ ಮಾಡಲಿ. ಬಾಗಿಲು ಬಡಿದ ಸದ್ದಾಯಿತು. ಹೊಸ್ತಿಲಲ್ಲಿ ಶಿಫ್ರಾ, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ನಾನು ಒಳಗೆ ಕರೆಯುವ ಮುಂಚೆಯೇ ಅಲ್ಲೇ ನಿಂತು, ಅಂಗಳದವರಿಗೆಲ್ಲ ಕೇಳುವ ಹಾಗೆ, ನಿಮ್ಮ ಗಂಡನಿಗೂ ನಿಮಗೂ ನೋವು ಮಾಡಿದೆ, ಕ್ಷಮಿಸಿ ಚಿಕ್ಕಮ್ಮ ಅಂದಳು.

"ಆಗಲಿ" ಅಂದೆ. ತಡ ಮಾಡಲಿಲ್ಲ. "ಮುಂದಿನ ವರ್ಷಾನೂ ಬಾ."

ಜೇನು ಜಾಸ್ತಿ ಹಾಕಿದ್ದಳು. ಅವಳ ತಟ್ಟೆ ಇನ್ನೂ ನನ್ನ ಹತ್ತಿರವೇ ಇದೆ. ತೊಳೆದಿಟ್ಟಿದ್ದೇನೆ. ಬರಿದೇ ಕಳಿಸುವ ಹಾಗಿಲ್ಲವಲ್ಲ. ಮಾರ್ಕೆಟ್ಟಿಗೆ ಒಳ್ಳೆ ದಾಳಿಂಬೆ ಬರಲಿ ಅಂತ ನೋಡುತ್ತಿದ್ದೇನೆ.